ಕಳ್ಳನೆಂಬ ಹೆಸರು, ಅವ್ಯವಹಾರವೆಂಬ ಮರೆ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಸದಸ್ಯನಾಗಿದ್ದ ಒಂದು ಬಸದಿಯ ಆಡಳಿತ ಮಂಡಳಿಯ ಸಭೆಯಲ್ಲಿ ಒಂದೇ ದಿನ ಎರಡು ವಿಷಯಗಳು ಚರ್ಚೆಗೆ ಬಂದವು. ಬಸದಿಯ ಅಂಗಳ ಗುಡಿಸುತ್ತಿದ್ದ ಹುಡುಗನೊಬ್ಬ ಕಾಣಿಕೆಯ ಪೆಟ್ಟಿಗೆಯಿಂದ 120 ರೂಪಾಯಿ ತೆಗೆದು ಸಿಕ್ಕಿಬಿದ್ದಿದ್ದನೆಂಬುದು ಮೊದಲನೆಯದು. ಜೀರ್ಣೋದ್ಧಾರ ನಿಧಿಯ ಹಣವನ್ನು ಪದಾಧಿಕಾರಿಯೊಬ್ಬರು ಎರಡು ವರ್ಷ ತಮ್ಮ ಅಂಗಡಿಯ ವಹಿವಾಟಿಗೆ ತೊಡಗಿಸಿಕೊಂಡಿದ್ದುದು ಲೆಕ್ಕ ತಪಾಸಣೆಯಲ್ಲಿ ಹೊರಬಿದ್ದಿತ್ತೆಂಬುದು ಎರಡನೆಯದು. ನಡವಳಿ ಪುಸ್ತಕದಲ್ಲಿ ಮೊದಲನೆಯ ವಿಷಯಕ್ಕೆ, “ಕಳ್ಳನನ್ನು ಪೊಲೀಸರಿಗೆ ಒಪ್ಪಿಸಲಾಯಿತು” ಎಂದು ಬರೆಯಲಾಯಿತು. ಎರಡನೆಯದಕ್ಕೆ, “ಫಂಡಿನಲ್ಲಿ ಟೆಂಪೊರರಿ ಅಡ್ಜಸ್ಟ್‌ಮೆಂಟ್ ಆಗಿರುವುದರಿಂದ ಉಂಟಾದ ಇರ್ರೆಗ್ಯುಲಾರಿಟಿಯನ್ನು ಸರಿಪಡಿಸಿಕೊಳ್ಳತಕ್ಕದ್ದು” ಎಂದು ಬರೆಯಲಾಯಿತು. ಎರಡೂ ಠರಾವುಗಳು ಸರ್ವಾನುಮತದಿಂದ ಅಂಗೀಕೃತವಾದವು. ಕೈಯೆತ್ತಿದವರಲ್ಲಿ ನಾನೂ ಒಬ್ಬ.

ಆ ಎರಡು ವಾಕ್ಯಗಳ ವ್ಯಾಕರಣವನ್ನು ವಾಚಕರು ಒಮ್ಮೆ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಮೊದಲನೆಯದರಲ್ಲಿ ಕೃತ್ಯವೇ ಇಲ್ಲ, ವ್ಯಕ್ತಿ ಮಾತ್ರ ಇದ್ದಾನೆ. ಹುಡುಗ ಏನು ಮಾಡಿದನೆಂಬುದು ಅಳಿದು, ಅವನು ಏನಾಗಿದ್ದಾನೆಂಬುದು ಮಾತ್ರ ಉಳಿದಿದೆ. ಎರಡನೆಯದರಲ್ಲಿ ವ್ಯಕ್ತಿಯೇ ಇಲ್ಲ. ಹಣ ತಾನಾಗಿಯೇ ‘ಅಡ್ಜಸ್ಟ್’ ಆಗಿದೆ, ಅಕ್ರಮ ತಾನಾಗಿಯೇ ‘ಉಂಟಾಗಿದೆ’. ಮಳೆ ಬಂದು ಗೋಡೆ ಬಿದ್ದಂತೆ. ಕೇಶಿರಾಜನಂಥ ವೈಯಾಕರಣನನ್ನು ಕನ್ನಡಕ್ಕೆ ಕೊಟ್ಟ ಸಮಾಜ ನಮ್ಮದು. ಕರ್ತೃಪದವನ್ನು ಎಲ್ಲಿ ಇಡಬೇಕು, ಎಲ್ಲಿ ಅಡಗಿಸಬೇಕು ಎಂಬುದು ಕೇವಲ ಶೈಲಿಯ ಪ್ರಶ್ನೆಯಲ್ಲ, ಸತ್ಯಾಣುವ್ರತದ ಪ್ರಶ್ನೆ ಎಂಬುದನ್ನು ನಾವು ಮರೆತಿದ್ದೇವೆ.

ಈ ಮರೆವಿಗೆ ನೆರವಾದುದು ನಾವು ಆತುರದಿಂದ ಎರವಲು ಪಡೆದ ಇಂಗ್ಲಿಷ್ ಶಬ್ದಸಂಪತ್ತು. ಅಪರಾಧಗಳನ್ನು ಹೆಸರಿಸುವುದರಲ್ಲಿ ಆ ಭಾಷೆ ಬಹಳ ಶ್ರೀಮಂತವಾದುದೆಂಬುದರಲ್ಲಿ ಸಂದೇಹವಿಲ್ಲ. ಗುಟ್ಟಾಗಿ ತೆಗೆದುಕೊಂಡರೆ ‘ಥೆಫ್ಟ್’, ಬಲಾತ್ಕಾರದಿಂದ ಕಿತ್ತುಕೊಂಡರೆ ‘ರಾಬರಿ’, ಕನ್ನ ಹಾಕಿದರೆ ‘ಬರ್ಗ್ಲರಿ’, ಬೆದರಿಸಿ ವಸೂಲು ಮಾಡಿದರೆ ‘ಎಕ್ಸ್‌ಟಾರ್ಷನ್’. ಆದರೆ ಈ ಸಿರಿವಂತಿಕೆಯ ಒಳಗೆ ಒಂದು ಪಕ್ಷಪಾತ ಅಡಗಿದೆ. ಬಡವನ ಅಪರಾಧಕ್ಕೆ ಆ ಭಾಷೆ ಚಿಕ್ಕದಾದ, ಬಾಯಿಗೆ ಸುಲಭವಾದ ಕರ್ತೃನಾಮಗಳನ್ನು ಇಟ್ಟಿದೆ: ‘ಥೀಫ್’, ‘ರಾಬರ್’, ‘ಬರ್ಗ್ಲರ್’. ಬಲ್ಲಿದನ ಅಪರಾಧಕ್ಕೆ ಉದ್ದವಾದ ಭಾವನಾಮಗಳನ್ನು ಇಟ್ಟಿದೆ: ‘ಮಿಸ್‌ಅಪ್ರೋಪ್ರಿಯೇಷನ್’, ‘ಡೈವರ್ಷನ್ ಆಫ್ ಫಂಡ್ಸ್’, ‘ಇರ್ರೆಗ್ಯುಲಾರಿಟಿ’. ‘ಇರ್ರೆಗ್ಯುಲಾರಿಟಿ’ ಮಾಡಿದವನನ್ನು ಕರೆಯಲು ಆ ಭಾಷೆಯಲ್ಲಿ ಒಂದು ಹೆಸರೂ ಇಲ್ಲ. ‘ಎಂಬೆಜ್ಲರ್’ ಎಂಬ ಕರ್ತೃನಾಮವೊಂದು ನಿಘಂಟಿನಲ್ಲಿದ್ದರೂ ಬೀದಿಯಲ್ಲಿ ಯಾರೂ ಯಾರನ್ನೂ ಹಾಗೆಂದು ಕೂಗಿ ಅಟ್ಟಿಸಿಕೊಂಡು ಹೋದುದನ್ನು ಕೇಳಿಲ್ಲ.

ಇದು ಆಕಸ್ಮಿಕವಲ್ಲ. ನಮ್ಮ ಚಲನಚಿತ್ರಗಳ ಮೂಲಕ ಹಳ್ಳಿಹಳ್ಳಿಗೂ ಪರಿಚಿತವಾದ ‘ವಿಲನ್’ ಎಂಬ ಪದವನ್ನೇ ನೋಡೋಣ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಜಮೀನುದಾರನ ಹೊಲದಲ್ಲಿ ದುಡಿಯುವ ಆಳು ಎಂದಷ್ಟೆ. ‘ನೇವ್’ ಎಂದರೆ ಮೊದಲು ಹುಡುಗ, ಬಳಿಕ ಸೇವಕ, ಕೊನೆಗೆ ಧೂರ್ತ. ಸಾಹುಕಾರನ ಅರ್ಥ ಕೊಡುತ್ತಿದ್ದ ಪದವು ಸವೆದು ಕಳ್ಳನೆಂಬ ಅರ್ಥಕ್ಕೆ ಇಳಿದ ಉದಾಹರಣೆಗಳು ಅಲ್ಲಿ ಅಪರೂಪ. ದುಡಿಯುವವನ ಹೆಸರು ಮಾತ್ರ ಕಾಲಕ್ರಮದಲ್ಲಿ ಕೇಡಿಗನ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ಮತ್ತು ಅಮೆರಿಕದ ನಗರಗಳಲ್ಲಿ ದೊಡ್ಡ ದೊಡ್ಡ ಬಟ್ಟೆಯ ಮಳಿಗೆಗಳು ತೆರೆದಾಗ ಅಲ್ಲಿ ಬಡ ಹೆಂಗಸರೂ ಕದ್ದರು, ಶ್ರೀಮಂತ ಮನೆತನದ ಗೃಹಿಣಿಯರೂ ಕದ್ದರು. ಬಡವಳಿಗೆ ‘ಶಾಪ್‌ಲಿಫ್ಟರ್’ ಎಂಬ ಹೆಸರು ದೊರೆಯಿತು. ಶ್ರೀಮಂತಳಿಗೆ ‘ಕ್ಲೆಪ್ಟೊಮೇನಿಯ’ ಎಂಬ ರೋಗ ದೊರೆಯಿತು. ಒಬ್ಬಳು ಸೆರೆಮನೆಗೆ, ಇನ್ನೊಬ್ಬಳು ವೈದ್ಯರ ಬಳಿಗೆ.

ಈ ಪಕ್ಷಪಾತವನ್ನು ಕಂಡು ಹೇಳಿದವರು ಅದೇ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡ್ 1939ರಲ್ಲಿ ‘ವೈಟ್ ಕಾಲರ್ ಕ್ರೈಮ್’, ಎಂದರೆ ಬಿಳಿ ಅಂಗಿಯವರ ಅಪರಾಧ, ಎಂಬ ಹೊಸ ಮಾತನ್ನು ಚಲಾವಣೆಗೆ ತಂದನು. ಗೌರವಸ್ಥರು ತಮ್ಮ ವೃತ್ತಿಯ ಮರೆಯಲ್ಲಿ ಮಾಡುವುದೂ ಅಪರಾಧವೇ ಎಂಬುದು ಅವನ ವಾದ. 70 ದೊಡ್ಡ ಕಂಪನಿಗಳ ವ್ಯವಹಾರವನ್ನು ಪರಿಶೀಲಿಸಿ ಅವನು ಬರೆದ ಗ್ರಂಥ 1949ರಲ್ಲಿ ಪ್ರಕಟವಾಯಿತು. ಆದರೆ ಮಾನನಷ್ಟದ ಮೊಕದ್ದಮೆಗೆ ಅಂಜಿದ ಪ್ರಕಾಶಕರು ಆ ಕಂಪನಿಗಳ ಹೆಸರುಗಳನ್ನು ತೆಗೆಸಿದರು. ಹೆಸರುಗಳುಳ್ಳ ಪೂರ್ಣ ಪಾಠ ಬೆಳಕು ಕಂಡುದು 1983ರಲ್ಲಿ, ಗ್ರಂಥಕರ್ತನು ತೀರಿಕೊಂಡು ಮೂರು ದಶಕಗಳಾದ ಮೇಲೆ. ಬಲ್ಲಿದನನ್ನು ಅಪರಾಧಿಯೆಂದು ಕರೆಯಲು ಭಾಷೆಯೂ ಹಿಂಜರಿಯುತ್ತದೆ, ಅಚ್ಚುಮನೆಯೂ ಹಿಂಜರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇನ್ನು ಈ ಶಬ್ದಭಂಡಾರ ನಮ್ಮ ನೆಲಕ್ಕೆ ಬಂದು ಮಾಡಿದುದೇನು? ಇಂಗ್ಲಿಷರು ಇಲ್ಲಿಂದ ‘ಲೂಟ್’ ಎಂಬ ಪದವನ್ನು ಕೊಂಡೊಯ್ದರು, ‘ಡಕಾಯಿತ’ನನ್ನು ಕೊಂಡೊಯ್ದರು, ‘ಠಗ್’ ಎಂಬುದನ್ನೂ ಕೊಂಡೊಯ್ದರು. ನಮ್ಮ ಕನ್ನಡದ ‘ಠಕ್ಕ’ನ ಬಂಧುವಾದ ಈ ‘ಠಗ್’, ಮೂಲತಃ ಮೋಸಗಾರನೆಂಬ ಸಾಮಾನ್ಯ ಅರ್ಥದ್ದು. 1836ರ ಕಾಯಿದೆಯ ಪ್ರಕಾರ ಠಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. 1860ರ ಭಾರತೀಯ ದಂಡ ಸಂಹಿತೆಯೂ ತನ್ನ 310 ಮತ್ತು 311ನೆಯ ಕಲಮುಗಳಲ್ಲಿ ‘ಠಗ್’ ಎಂಬ ವ್ಯಕ್ತಿಯನ್ನು ವ್ಯಾಖ್ಯಾನಿಸಿ, ಹಾಗಿರುವುದಕ್ಕೇ ಶಿಕ್ಷೆ ಗೊತ್ತುಮಾಡಿತು. ವ್ಯಕ್ತಿಯಿಂದ ಕುಲಕ್ಕೆ ದಾಟಲು ತಡವಾಗಲಿಲ್ಲ. 1871ರಲ್ಲಿ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಬಂದಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಅದನ್ನು ಸಮರ್ಥಿಸಿದವರ ತರ್ಕ. ಇಡಿಯ ಸಮುದಾಯಗಳು, ತೊಟ್ಟಿಲ ಕೂಸಿನಿಂದ ಮುಪ್ಪಿನವರವರೆಗೆ, ಹುಟ್ಟಿನಿಂದಲೇ ಅಪರಾಧಿಗಳೆನಿಸಿದವು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅಂಥವರನ್ನು ಕೂಡಿಹಾಕಿದ ‘ಸೆಟ್ಲಮೆಂಟು’ಗಳಿದ್ದವು. ಆ ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಅದರ ಬೆನ್ನಿಗೇ ‘ಹ್ಯಾಬಿಚುಯಲ್ ಅಫೆಂಡರ್’ ಎಂಬ ಹೊಸ ಹೆಸರು ಹುಟ್ಟಿಕೊಂಡಿತು. ಕರ್ನಾಟಕದಲ್ಲಿ ಆ ಹೆಸರಿನ ಕಾಯಿದೆ 1961ರಲ್ಲಿ ಬಂದಿತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸಿ, ಕೈದಿಗಳ ದಾಖಲೆ ಪುಸ್ತಕದಲ್ಲಿನ ಜಾತಿಯ ಅಂಕಣವನ್ನು ಅಳಿಸಬೇಕೆಂದು ಆದೇಶಿಸಬೇಕಾಯಿತು. ಕಾಯಿದೆ ಸತ್ತು 72 ವರ್ಷಗಳಾದರೂ ಹೆಸರು ಸತ್ತಿರಲಿಲ್ಲ.

‘ಅದು ನಮಗೆ ಸಂಬಂಧಿಸಿದ ವಿಷಯವಲ್ಲ’ ಎಂದು ನಮ್ಮ ಬಾಂಧವರು ಭಾವಿಸಬಾರದು. ವ್ಯಾಪಾರಿ ಜಾತಿಯೆಂದರೆ ತೂಕದಲ್ಲಿ ಮೋಸ ಮಾಡುವ ಜಾತಿ ಎಂದು ಯಾರಾದರೂ ಆಡಿದರೆ ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕಾದುದೇ ನ್ಯಾಯ. ಆದರೆ ಮನೆಗೆಲಸಕ್ಕೆ ಬಂದ ಹೆಂಗಸಿನ ಕುಲ ಕೇಳಿ, ‘ಓಹೋ, ಅವರ ಕಡೆಯವರೋ, ಪಾತ್ರೆ ಪದಾರ್ಥ ಜೋಪಾನ’ ಎಂದು ಸೊಸೆಗೆ ಕಿವಿಮಾತು ಹೇಳುವ ನಾಲಗೆಯೂ ನಮ್ಮದೇ. 1871ರ ಕಾಯಿದೆಯನ್ನು ಸಂಸತ್ತು ರದ್ದುಪಡಿಸಿತು. ನಮ್ಮ ಅಡುಗೆಮನೆಗಳಲ್ಲಿ ಅದನ್ನು ರದ್ದುಪಡಿಸುವವರು ಯಾರು?

ಇಲ್ಲಿ ವಿದ್ವಾಂಸರು ಒಂದು ಆಕ್ಷೇಪವನ್ನು ಎತ್ತಬಹುದು. ತಪ್ಪೆಲ್ಲ ಇಂಗ್ಲಿಷಿನದೇ ಏಕೆ, ಕನ್ನಡದಲ್ಲಿ ‘ಕಳ್ಳ’ನಿಲ್ಲವೇ, ಸಂಸ್ಕೃತದಲ್ಲಿ ‘ಚೋರ’ನಿಲ್ಲವೇ? ಇದ್ದಾರೆ. ಕಾಡಿನ ಜನರ ಹೆಸರಾದ ‘ಕಿರಾತ’ ಎಂಬುದನ್ನು ‘ಕಿರಾತಕ’ನೆಂದು ತಿರುಗಿಸಿ ಕೊಲೆಗಡುಕರಿಗೆ ಅಂಟಿಸುವ ನಮ್ಮ ಪತ್ರಿಕೆಗಳು ‘ವಿಲನ್’ ಎಂದವರಿಗಿಂತ ಮೇಲಲ್ಲ. ಪೊಲೀಸ್ ಕಡತದ ‘ನೋನ್ ಡಿಪ್ರೆಡೇಟರ್’ ಎಂಬುದರ ‘ಕೆ.ಡಿ.’ ನಮ್ಮ ಕೇಡಿಯೊಡನೆ ಬೆರೆತುಹೋಯಿತು. ‘ರೌಡಿ ಶೀಟರ್’ ಎಂಬುದು ಈಗ ಕನ್ನಡದ್ದೇ ಪದವೆಂಬಂತೆ ಸಲ್ಲುತ್ತಿದೆ. ಹಾಗೆಯೇ ‘ಸ್ಕ್ಯಾಮ್’ ಎಂಬುದಕ್ಕೆ ನಾವು ಆರಿಸಿಕೊಂಡ ಪದ ‘ಹಗರಣ’. ಹಗರಣವೆಂದರೆ ವೇಷ ಕಟ್ಟಿ ಆಡುವ ಆಟ; ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಸುಗ್ಗಿಯಲ್ಲಿ ಅದನ್ನು ಕಟ್ಟುತ್ತಾರೆ. 1992ರ ಷೇರುಪೇಟೆಯ ಮೋಸವನ್ನು ಹಗರಣವೆಂದು ಕರೆದ ಕ್ಷಣವೇ ಅದು ನೋಟಕರಿಗೆ ಒಂದು ತಮಾಷೆಯಾಯಿತು. ಹಣ ಕಳೆದುಕೊಂಡವರು ಮಾತ್ರ ಆ ಆಟವನ್ನು ಮರೆಯಲಾರದೆ ಹೋದರು. ‘ಅವ್ಯವಹಾರ’ವೆಂಬ ಪದವಂತೂ ಇನ್ನೂ ಸೋಜಿಗದ್ದು. ವ್ಯವಹಾರ ನಡೆದೇ ಇದೆ, ಹಣ ಕೈ ಬದಲಾಯಿಸಿಯೇ ಇದೆ. ನಾವು ಮಾತ್ರ ಅದನ್ನು ವ್ಯವಹಾರವೇ ಅಲ್ಲವೆಂದು ಕರೆಯುತ್ತೇವೆ! ದೋಷವು ಒಂದು ಭಾಷೆಯದಲ್ಲ, ಅಧಿಕಾರದ ಕಿವಿಗೆ ಹಿತವಾಗುವಂತೆ ನುಡಿಯುವ ನಾಲಗೆಯದು. ಆದರೆ ಆ ನಾಲಗೆಗೆ ಇಂಗ್ಲಿಷ್ ಒಂದು ರೇಷ್ಮೆಯ ಹೊದಿಕೆಯನ್ನು ಒದಗಿಸಿತು. ‘ಕದ್ದ’ ಎಂದು ಕನ್ನಡದಲ್ಲಿ ಹೇಳಲು ನಾಚುವವನು ‘ಅಡ್ಜಸ್ಟ್‌ಮೆಂಟ್’ ಎಂದು ನಾಚದೆ ಹೇಳಬಲ್ಲ.

ನಮ್ಮ ಆಚಾರ್ಯರು ನಮಗೆ ಕೊಟ್ಟ ಪರಿಭಾಷೆ ಬೇರೆಯೇ ಆದುದು. ಕಳವಿಗೆ ಅವರಿಟ್ಟ ಹೆಸರು ‘ಅದತ್ತಾದಾನ’. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಅಷ್ಟೆ. ತೆಗೆದುಕೊಂಡವನು ಯಾರು, ಅವನ ಅಂಗಿ ಎಂಥದು, ಮೊತ್ತವೆಷ್ಟು ಎಂದು ಆ ಪದ ಕೇಳುವುದಿಲ್ಲ. ಪೆಟ್ಟಿಗೆಯ 120 ರೂಪಾಯಿಯೂ ಅದತ್ತ, ಜೀರ್ಣೋದ್ಧಾರದ ನಿಧಿಯೂ ಅದತ್ತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ಅಳತೆ ತೂಕದಲ್ಲಿ ವಂಚಿಸುವುದು, ನಕಲಿಯನ್ನು ಅಸಲಿಯೆಂದು ಮಾರುವುದು. ಗಮನಿಸಿ, ಈ ಐದರಲ್ಲಿ ಒಂದೂ ಗೋಡೆಗೆ ಕನ್ನ ಹಾಕುವವನನ್ನು ಕುರಿತದ್ದಲ್ಲ. ಬಹುಪಾಲು ಗದ್ದುಗೆಯ ಮೇಲೆ ತಕ್ಕಡಿ ಹಿಡಿದು ಕುಳಿತವನನ್ನು ಕುರಿತವು. ಅತಿಚಾರವೆಂದರೆ ವ್ರತದ ಮೇಲೆ ಬೀಳುವ ಕಲೆ, ವ್ರತಭಂಗದತ್ತ ಇಟ್ಟ ಹೆಜ್ಜೆ. ಕಲೆಯನ್ನು ಹೆಸರಿಸುವುದು ಅದನ್ನು ತೊಳೆಯುವುದಕ್ಕಾಗಿ.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಇದೆ, ಎಂದರೆ ಸುಳ್ಳು ಬರಹ. ಅದರ ಪಕ್ಕದಲ್ಲಿಯೇ ‘ನ್ಯಾಸಾಪಹಾರ’ ಇದೆ. ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ನಾವು ಇಂದು ‘ಟ್ರಸ್ಟ್’ ಎನ್ನುವುದು ಅದನ್ನೇ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ರೀತಿ ನಮ್ಮ ವಿಶ್ವಸ್ತ ಮಂಡಳಿಗಳ ಗೋಡೆಯ ಮೇಲೆ ಬರೆಸಿಡತಕ್ಕದ್ದು. ಇಡುಗಂಟನ್ನಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಟ್ಟರೆ ಅದೇ ನ್ಯಾಸಾಪಹಾರ ಎಂಬುದು ಅದರ ತಾತ್ಪರ್ಯ. ಕೈ ಚಾಚಲಿಲ್ಲ, ಬೀಗ ಮುರಿಯಲಿಲ್ಲ. ‘ಹೌದು’ ಎಂದುದಷ್ಟೇ ತಪ್ಪು. ‘ಇರ್ರೆಗ್ಯುಲಾರಿಟಿ’ ಎಂಬ ಪದದ ಜರಡಿಯಲ್ಲಿ ಸೋರಿಹೋಗುವ ಎಷ್ಟು ದೊಡ್ಡ ಪಾಪವನ್ನು ನಮ್ಮ ಪೂರ್ವಿಕರ ಒಂದು ಪದ ಹಿಡಿದು ನಿಲ್ಲಿಸಿದೆಯೆಂಬುದನ್ನು ನೋಡಿ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇಬ್ಬರ ಉದಾಹರಣೆಗಳಿವೆ. ಒಬ್ಬ ಸತ್ಯಘೋಷ. ಶ್ರೀಭೂತಿಯೆಂಬ ಆ ಪುರೋಹಿತನು ಸತ್ಯವಂತನೆಂಬ ಕೀರ್ತಿಯಿಂದಲೇ ಆ ಬಿರುದನ್ನು ಪಡೆದವನು. ನಂಬಿದ ವರ್ತಕನೊಬ್ಬನು ಇರಿಸಿದ್ದ ರತ್ನಗಳನ್ನು ಅವನು ಇಲ್ಲವೆಂದು ಬಿಟ್ಟನು. ರಾಣಿ ರಾಮದತ್ತೆಯ ಜಾಣ್ಮೆಯಿಂದ ಸಿಕ್ಕಿಬಿದ್ದನು. ಇನ್ನೊಬ್ಬ ಅಂಜನಚೋರ, ಹೆಸರಿನಲ್ಲಿಯೇ ಕಳ್ಳನು. ಸಮ್ಯಗ್ದರ್ಶನದ ಮೊದಲನೆಯ ಅಂಗವಾದ ನಿಃಶಂಕಿತತ್ವಕ್ಕೆ ಆಚಾರ್ಯರು ಆರಿಸಿದ್ದು ಇವನನ್ನೇ. ಅವನು ಕರ್ಮಗಳನ್ನು ಕಳೆದು ನಿರಂಜನನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಅತ್ಯಂತ ಒಳ್ಳೆಯ ಹೆಸರುಳ್ಳವನು ಪಾಪಕ್ಕೆ ದೃಷ್ಟಾಂತ, ಅತ್ಯಂತ ಕೆಟ್ಟ ಹೆಸರುಳ್ಳವನು ಶ್ರದ್ಧೆಗೆ ದೃಷ್ಟಾಂತ! ನಮ್ಮ ವಡ್ಡಾರಾಧನೆಯ 19 ಕಥೆಗಳಲ್ಲಿ ಭದ್ರಬಾಹು ಭಟಾರರ, ಸುಕುಮಾರ ಸ್ವಾಮಿಯ ಸಾಲಿನಲ್ಲಿಯೇ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಇದೆ. ಚೋರನೂ ಹೌದು, ರಿಸಿಯೂ ಹೌದು. ಇಂಥ ಹೆಸರನ್ನು ‘ಹಿಸ್ಟರಿ ಶೀಟ್’ ಬರೆಯುವವರ ಭಾಷೆ ಕನಸಿನಲ್ಲಿಯೂ ಕಾಣಲಾರದು.

ಇದಕ್ಕೆ ತಾತ್ತ್ವಿಕವಾದ ಆಧಾರವೂ ನಮ್ಮಲ್ಲಿದೆ. ಏಳು ನಯಗಳಲ್ಲಿ ಕೊನೆಯದಾದ ಏವಂಭೂತನಯದ ಪ್ರಕಾರ, ಕ್ರಿಯೆಯಿಂದ ಹುಟ್ಟಿದ ಹೆಸರು ಆ ಕ್ರಿಯೆ ನಡೆಯುತ್ತಿರುವಾಗ ಮಾತ್ರ ಸಲ್ಲುತ್ತದೆ. ಪೂಜಿಸುವಾಗ ಮಾತ್ರ ಪೂಜಾರಿ. ಹಾಗಾದರೆ ಕದಿಯುವಾಗ ಮಾತ್ರ ಕಳ್ಳ. ಲೋಕವ್ಯವಹಾರ ಇಷ್ಟು ಸೂಕ್ಷ್ಮವಾಗಿ ನಡೆಯಲಾರದೆಂಬುದು ನಿಜ. ಅದಕ್ಕೆಂದೇ ಬೇರೆ ನಯಗಳೂ ಇವೆ. ಆದರೆ ಕಳ್ಳತನವು ಜೀವದ್ರವ್ಯದ ಸ್ವಭಾವವಲ್ಲ, ಕಷಾಯದ ವಶದಿಂದ ಬಂದು ಹೋಗುವ ಪರ್ಯಾಯ ಎಂಬುದನ್ನು ಬಲ್ಲ ಧರ್ಮದವರು, ಒಂದು ಕ್ಷಣದ ಪರ್ಯಾಯವನ್ನು ಒಬ್ಬನ ಇಡಿಯ ಬಾಳಿನ ಹೆಸರಾಗಿಸಿದರೆ ಅದನ್ನು ಏಕಾಂತವಾದವೆನ್ನದೆ ಏನೆನ್ನಬೇಕು?

‘ಇದು ಕಳ್ಳರಿಗೆ ಕರುಣೆ ತೋರುವ ಮಾತಾಯಿತು, ಕಾನೂನಿಗೆ ಖಚಿತವಾದ ಪದಗಳು ಬೇಡವೇ?’ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಕಾನೂನಿನ ವಾಕ್ಯವನ್ನು ಬಿಡಿಸಿ ನೋಡಿದರೆ ಅದು ನಮಗಿಂತ ಎಷ್ಟೋ ಸಭ್ಯವಾಗಿದೆ. ಠಗ್ಗನಂಥ ಕೆಲವನ್ನು ಬಿಟ್ಟರೆ ದಂಡ ಸಂಹಿತೆ ಎಲ್ಲೆಡೆ ‘ಯಾರೇ ಆಗಲಿ ಇಂಥ ಕೃತ್ಯವನ್ನು ಮಾಡಿದರೆ’ ಎಂದೇ ಆರಂಭಿಸುತ್ತಿತ್ತು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಠಗ್ಗನನ್ನೂ ಕೈಬಿಟ್ಟಿದೆ. ಅದರ 303ನೆಯ ಕಲಮಿನಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿಗೆ ಶಿಕ್ಷೆಗೊಳಗಾಗುವವನು ಅದನ್ನು ಹಿಂದಿರುಗಿಸಿದರೆ, ಅವನಿಗೆ ವಿಧಿಸತಕ್ಕದ್ದು ಸಮುದಾಯ ಸೇವೆ. 316ನೆಯ ಕಲಮು ನಂಬಿಕೆ ದ್ರೋಹದ್ದು. ಸರ್ಕಾರಿ ನೌಕರನೋ ಬ್ಯಾಂಕರನೋ ವರ್ತಕನೋ ಏಜೆಂಟನೋ ಆ ಸ್ಥಾನದ ಬಲದಿಂದ ನಂಬಿಕೆ ದ್ರೋಹ ಮಾಡಿದರೆ ಜೀವಾವಧಿಯವರೆಗೂ ಶಿಕ್ಷೆ ಉಂಟು. ಹಳೆಯ ಸಂಹಿತೆಯ 409ನೆಯ ಕಲಮೂ ಹೀಗೆಯೇ ಹೇಳುತ್ತಿತ್ತು. ಕಾನೂನು ನಂಬಿಸಿ ಕೆಡಿಸಿದವನಲ್ಲಿ ಹೆಚ್ಚು ಕಠೋರವಾಗಿಯೇ ಇದೆ. ಮೃದುವಾಗಿರುವುದು ನಮ್ಮ ನಡವಳಿ ಪುಸ್ತಕ. ನಾನು ಕೇಳುತ್ತಿರುವುದು ಕಳವಿಗೆ ಕ್ಷಮೆಯನ್ನಲ್ಲ. ಗುಡಿಸುವವನ ಕಳವನ್ನೂ ಗದ್ದುಗೆಯವನ ಕಳವನ್ನೂ ಒಂದೇ ಮಾತಿನಿಂದ ಕರೆಯುವ ಧೈರ್ಯವನ್ನು.

ಆದುದರಿಂದ ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಮೂರು ವಿಜ್ಞಾಪನೆಗಳು. ಮೊದಲನೆಯದಾಗಿ, ನಡವಳಿ ಪುಸ್ತಕದಲ್ಲಿ ಕೃತ್ಯವನ್ನು ಬರೆಯಿರಿ, ಬಿರುದನ್ನು ಬರೆಯಬೇಡಿ. ‘ಇಂಥವರು ಇಂಥ ದಿನ ಇಷ್ಟು ಹಣ ತೆಗೆದುಕೊಂಡರು’ ಎಂದು ಇಬ್ಬರಿಗೂ ಬರೆಯಿರಿ. ದೇವದ್ರವ್ಯ ಸ್ವಂತಕ್ಕೆ ಬಳಕೆಯಾಗಿದ್ದರೆ ‘ನ್ಯಾಸಾಪಹಾರ’ವೆಂಬ ಪದವನ್ನು ಬರೆಯಿರಿ. ಎರಡನೆಯದಾಗಿ, ಪಾಠಶಾಲೆಗಳಲ್ಲಿ ಮಕ್ಕಳಿಗೆ ಅತಿಚಾರಗಳನ್ನು ಬರಿದೆ ಕಂಠಪಾಠ ಮಾಡಿಸದೆ, ಬಿಲ್ಲಿಲ್ಲದ ಮಾರಾಟ ಯಾವುದಕ್ಕೆ ಸೇರಿತು, ನಕಲಿ ಬ್ರಾಂಡಿನ ಚೀಟಿ ಯಾವುದಕ್ಕೆ ಸೇರಿತು ಎಂದು ಕೇಳಿರಿ. ಮಕ್ಕಳು ಮನೆಗೆ ಹೋಗಿ ತಂದೆಯನ್ನು ಕೇಳಲಿ. ಮೂರನೆಯದಾಗಿ, ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳ ಬಾಗಿಲನ್ನು ಎಲ್ಲರಿಗೂ ಸಮನಾಗಿ ತೆರೆಯಿರಿ. ಅವು ನ್ಯಾಯಾಲಯಕ್ಕೆ ಬದಲಿಯಲ್ಲ. ಶಿಕ್ಷೆ ಮುಗಿದ ಮೇಲೂ ಉಳಿಯುವ ಹೆಸರನ್ನು ತೊಳೆಯುವ ನೀರು.

ಆ ಸಭೆಯ ನಂತರ ಪದಾಧಿಕಾರಿಗಳು ಹಣವನ್ನು ಕಂತುಗಳಲ್ಲಿ ಕಟ್ಟಿದರು. ಜೀರ್ಣೋದ್ಧಾರ ಮುಗಿದಾಗ ದಾನಿಗಳ ಶಿಲಾಫಲಕದಲ್ಲಿ ಅವರ ಹೆಸರನ್ನು ಕೊರೆಯಲಾಯಿತು. ಹುಡುಗನಿಗೂ ತಂದೆತಾಯಿ ಇಟ್ಟ ಒಂದು ಹೆಸರಿತ್ತು. ಠಾಣೆಯಿಂದ ಬಿಟ್ಟು ಬಂದ ಮೇಲೆ ಊರು ಅದನ್ನು ಮರೆತು ‘ಬಸದಿ ಕಳ್ಳ’ನೆಂದೇ ಕರೆಯಿತು. ಕೆಲಸ ಕೊಡುವವರಿಲ್ಲದೆ ಒಂದು ವರ್ಷದೊಳಗೆ ಅವನು ಊರು ಬಿಟ್ಟನು. ಆ ವರ್ಷವೂ ದಶಲಕ್ಷಣ ಪರ್ವ ಬಂದಿತು, ಕ್ಷಮಾವಣಿಯ ದಿನವೂ ಬಂದಿತು. ನಾವೆಲ್ಲರೂ ಒಬ್ಬರೊಬ್ಬರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಬೇಡಿದೆವು. ಆ ಹುಡುಗನಿನ್ನೂ ಊರಿನಲ್ಲಿಯೇ ಇದ್ದನು. ಅವನ ಬಾಗಿಲಿಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.